ಒಂದು ಕೆಲಸ ತಡವಾದರೆ ಏನಾಗುತ್ತದೆ? ಐದು ಟಾಸ್ಕ್ ತಂತ್ರಾಂಶಗಳ ಹೋಲಿಕೆ

ಕೆಲಸಗಳ ಪಟ್ಟಿ ಇಟ್ಟುಕೊಳ್ಳಲು ಕಂಪ್ಯೂಟರಿಗೆ ಒಂದು ತಂತ್ರಾಂಶ ಹುಡುಕುವವರು ಮೊದಲು ನೋಡುವುದು ಅದರಲ್ಲಿ ಏನೇನಿದೆ ಅಂತ. ರಿಮೈಂಡರ್ ಇದೆಯಾ, ಕ್ಯಾಲೆಂಡರ್ ಇದೆಯಾ, ಫೋನಿನಲ್ಲೂ ತೆರೆಯುತ್ತಾ, ದುಡ್ಡು ಕೊಡಬೇಕಾ. ಹಾಗೆ ನೋಡುತ್ತಾ ಹೋದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹೊಸ ಕೆಲಸ ಸೇರಿಸುವುದು, ಮುಗಿದದ್ದಕ್ಕೆ ಟಿಕ್ ಹಾಕುವುದು, ಇವೆರಡನ್ನು ಎಲ್ಲವೂ ಚೆನ್ನಾಗಿಯೇ ಮಾಡುತ್ತವೆ. ವ್ಯತ್ಯಾಸ ಗೊತ್ತಾಗುವುದು ಒಂದು ಕೆಲಸ ತಡವಾದಾಗ. ಅಂದುಕೊಂಡ ದಿನಕ್ಕೆ ಅದು ಮುಗಿದಿಲ್ಲ. ಅದರ ಹಿಂದೆ ಇನ್ನೂ ನಾಲ್ಕು ಕೆಲಸ ಕಾದು ಕೂತಿವೆ. ಆಗ ತಂತ್ರಾಂಶ ನನಗೇನು ತೋರಿಸುತ್ತದೆ? ನಾನು ಎಷ್ಟು ಕಡೆ ಕೈ ಹಾಕಿ ತಿದ್ದಬೇಕು? ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಹೋಲಿಸಿದ್ದೇನೆ.

ಪರೀಕ್ಷೆಗೆ ತೆಗೆದುಕೊಂಡ ಕೆಲಸ, ಒಂದು ಪುಸ್ತಕವನ್ನು ಪ್ರೆಸ್ಸಿಗೆ ಸಿದ್ಧ ಮಾಡುವುದು. ಟೈಪಿಂಗ್, ಕರಡು ತಿದ್ದುವುದು, ಪುಟ ಕಟ್ಟುವುದು, ಮುಖಪುಟ, ಕೊನೆಗೆ ಪ್ರೆಸ್. ಇದನ್ನೇ ಆರಿಸಿದ್ದಕ್ಕೆ ಕಾರಣ, ಈ ಕೆಲಸಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಕರಡು ತಿದ್ದದೆ ಪುಟ ಕಟ್ಟಿ ಪ್ರಯೋಜನವಿಲ್ಲ. ಪುಟ ಎಷ್ಟಾಯಿತು ಅಂತ ತಿಳಿಯದೆ ಪುಸ್ತಕದ ಬೆನ್ನು ಎಷ್ಟು ದಪ್ಪ ಬರುತ್ತದೆ ಅಂತ ತಿಳಿಯುವುದಿಲ್ಲ. ಬೆನ್ನಿನ ಅಳತೆ ಸಿಗದೆ ಮುಖಪುಟದ ಫೈಲ್ ಮುಗಿಯುವುದಿಲ್ಲ. ಆದರೆ ಮುಖಪುಟದ ಚಿತ್ರವನ್ನು ಮಾತ್ರ ಯಾರಿಗೂ ಕಾಯದೆ ಮೊದಲ ದಿನವೇ ಶುರು ಮಾಡಬಹುದು. ಇವುಗಳ ಜೊತೆ ಒಂದೆರಡು ಬಿಡಿ ಕೆಲಸಗಳು: ಮುನ್ನುಡಿ ಬರೆಯುವವರಿಗೆ ನೆನಪಿಸುವುದು, ಫೈಲುಗಳ ಬ್ಯಾಕಪ್ ತೆಗೆಯುವುದು. ಎಲ್ಲದರಲ್ಲೂ ಇದನ್ನೇ ತುಂಬಿಸಿದೆ. ಆಮೇಲೆ ಕರಡು ತಿದ್ದುವುದು ಐದು ದಿನ ತಡವಾಯಿತು ಅಂತ ಇಟ್ಟುಕೊಂಡು ನೋಡಿದೆ.

ಮೈಕ್ರೋಸಾಫ್ಟ್ ಟು ಡು

ಇರುವುದರಲ್ಲಿ ಸರಳವಾದದ್ದು ಇದು. ಉಚಿತವೂ ಹೌದು. ಪಟ್ಟಿ ಮಾಡಿ, ಕೆಲಸ ಬರೆಯಿರಿ, ಒಂದು ಕೆಲಸದೊಳಗೆ ಸಣ್ಣ ಹೆಜ್ಜೆಗಳನ್ನು ಸೇರಿಸಿ, ಅಷ್ಟೇ. ಇದರಲ್ಲಿ ನನಗೆ ತುಂಬ ಇಷ್ಟವಾದದ್ದು 'ಮೈ ಡೇ' ಅನ್ನುವ ಪುಟ. ಇವತ್ತು ಮಾಡಬೇಕಾದದ್ದನ್ನು ಬೆಳಿಗ್ಗೆ ಆರಿಸಿ ಅಲ್ಲಿಗೆ ತಂದುಕೊಳ್ಳಬೇಕು. ರಾತ್ರಿ ಹನ್ನೆರಡಕ್ಕೆ ಆ ಪುಟ ತಾನೇ ಖಾಲಿಯಾಗುತ್ತದೆ. ಮುಗಿಯದ ಕೆಲಸ ಅಳಿದುಹೋಗುವುದಿಲ್ಲ. ಅದು ತನ್ನ ಪಟ್ಟಿಯಲ್ಲೇ ಇರುತ್ತದೆ, ಮರುದಿನ ಸಲಹೆಗಳ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ನಿನ್ನೆಯ ಕೆಲಸವನ್ನು ಇವತ್ತೂ ಮಾಡಬೇಕಾ ಅಂತ ಪ್ರತಿದಿನ ಒಮ್ಮೆ ಯೋಚಿಸುವಂತಾಗುತ್ತದೆ. ದಿನದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಬೇರೆಲ್ಲೂ ಸಿಗಲಿಲ್ಲ.

ಪುಸ್ತಕದ ಕೆಲಸಕ್ಕೆ ಮಾತ್ರ ಸಾಲದು. ಕರಡು ತಡವಾದರೆ ಪುಟ ಕಟ್ಟುವ ದಿನಾಂಕ, ಮುಖಪುಟದ ದಿನಾಂಕ, ಪ್ರೆಸ್ಸಿನ ದಿನಾಂಕ, ಎಲ್ಲವನ್ನೂ ನಾವೇ ತಿದ್ದಬೇಕು. ಯಾವುದರ ಹಿಂದೆ ಯಾವುದು ಅನ್ನುವುದನ್ನು ಹೇಳಿಕೊಡಲು ಇದರಲ್ಲಿ ಜಾಗವೇ ಇಲ್ಲ.

ಟೂಡೂಯಿಸ್ಟ್

2007ರಿಂದ ಇರುವ ತಂತ್ರಾಂಶ. ಇಷ್ಟು ಕಾಲ ಬಾಳಿರುವುದೇ ಒಂದು ಭರವಸೆ. ಇದರ ಹೆಚ್ಚುಗಾರಿಕೆ ಬರೆಯುವ ವೇಗದಲ್ಲಿದೆ. ಕೆಲಸದ ಹೆಸರು, ದಿನ, ಆದ್ಯತೆ, ಪ್ರಾಜೆಕ್ಟ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಟೈಪ್ ಮಾಡಿದರೆ ಅದೇ ಬಿಡಿಸಿ ಓದಿಕೊಳ್ಳುತ್ತದೆ. ಆದರೆ ಈ ಓದುವ ಶಕ್ತಿ ಕನ್ನಡಕ್ಕೆ ಬರುವುದಿಲ್ಲ. ಕೆಲಸದ ಹೆಸರನ್ನು ಕನ್ನಡದಲ್ಲಿ ಬರೆದು, ದಿನವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದರೆ ಕೆಲಸ ನಡೆಯುತ್ತದೆ. 'ನಾಳೆ' ಅಂತ ಬರೆದರೆ ಅದು ಹೆಸರಿನ ಭಾಗವಾಗಿಯೇ ಉಳಿಯುತ್ತದೆ. ಪದೇ ಪದೇ ಕೀಬೋರ್ಡ್ ಬದಲಿಸುವುದು ಕಿರಿಕಿರಿ. ಹಾಗಾಗಿ ನಾನು ಕನ್ನಡದ ಹೆಸರನ್ನು ಮೊದಲು ಮುಗಿಸಿ, ದಿನಾಂಕವನ್ನು ಮೌಸಿನಿಂದ ಆರಿಸುವ ಅಭ್ಯಾಸ ಮಾಡಿಕೊಂಡೆ.

ಮತ್ತೆ ಮತ್ತೆ ಬರುವ ಕೆಲಸಗಳಲ್ಲಿ ಇದು ತೋರಿಸುವ ಸೂಕ್ಷ್ಮ ಬೇರೆ ಕಡೆ ಕಡಿಮೆ. ಬ್ಯಾಕಪ್ಪನ್ನೇ ತಗೊಳ್ಳಿ. 'ಎವೆರಿ 7 ಡೇಸ್' ಅಂತ ಕೊಟ್ಟರೆ ಮೊದಲು ಹಾಕಿದ ದಿನಾಂಕದ ಲೆಕ್ಕದಲ್ಲೇ ಮುಂದಿನದು ಬರುತ್ತದೆ. 'ಎವೆರಿ' ಪದದ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಲೆಕ್ಕ ಬದಲಾಗುತ್ತದೆ. ನಾವು ನಿಜವಾಗಿ ಮುಗಿಸಿದ ದಿನದಿಂದ ಏಳು ದಿನ ಎಣಿಸುತ್ತದೆ. ಮೂರು ದಿನ ತಡವಾಗಿ ಬ್ಯಾಕಪ್ ತೆಗೆದಿದ್ದರೆ ಮುಂದಿನದು ನಾಲ್ಕೇ ದಿನಕ್ಕೆ ಬಂದು ನಿಲ್ಲುವುದಿಲ್ಲ. ಪ್ರತಿ ತಿಂಗಳು ಇಂಥ ತಾರೀಕಿಗೇ ಕಟ್ಟಬೇಕಾದ ಹಣಕ್ಕೆ ಮೊದಲನೆಯದು, ಇಂಥ ಅಂತರದಲ್ಲಿ ಮಾಡಿದರೆ ಸಾಕು ಅನ್ನುವ ಕೆಲಸಕ್ಕೆ ಎರಡನೆಯದು. ತಡವಾಗುವುದು ಎರಡು ಥರ ಅಂತ ಅರ್ಥ ಮಾಡಿಕೊಂಡಿರುವ ತಂತ್ರಾಂಶ ಇದು.

ಸರಣಿ ಕೆಲಸಕ್ಕೆ ಬಂದರೆ ಇಲ್ಲೂ ತೊಂದರೆ. ದಿನ ದಾಟಿದ ಕೆಲಸಗಳೆಲ್ಲ ಇವತ್ತಿನ ಪುಟದ ಮೇಲ್ಭಾಗದಲ್ಲಿ ಒಟ್ಟಿಗೆ ಸೇರುತ್ತವೆ. ಎಲ್ಲವನ್ನೂ ಒಂದೇ ಸಲ ಮುಂದೂಡುವ ಗುಂಡಿಯೂ ಇದೆ. ಆದರೆ ಎಲ್ಲವೂ ಒಂದೇ ದಿನಕ್ಕೆ ಹೋಗಿ ಬೀಳುತ್ತವೆ. ಕರಡು, ಪುಟ, ಮುಖಪುಟ ಮೂರೂ ಸೋಮವಾರಕ್ಕೆ ಬಂದರೆ ಅವುಗಳ ನಡುವಿನ ಕ್ರಮ ಹೋಯಿತು ಅಂತಲೇ ಅರ್ಥ. ಉಚಿತ ಆವೃತ್ತಿಯಲ್ಲಿ ಐದು ಪ್ರಾಜೆಕ್ಟ್‌ಗಳ ಮಿತಿಯೂ ಇದೆ. ಒಬ್ಬರ ಬಳಕೆಗೆ ಅದು ಅಷ್ಟೇನೂ ಬಿಗಿಯಲ್ಲ.

ಟ್ರೆಲ್ಲೊ

2011ರಲ್ಲಿ ಬಂತು. 2017ರಲ್ಲಿ ಅಟ್ಲಾಸಿಯನ್ ಕೊಂಡುಕೊಂಡಿತು. ಒಂದು ಬೋರ್ಡ್, ಅದರಲ್ಲಿ ಸಾಲುಸಾಲಾಗಿ ಪಟ್ಟಿಗಳು, ಪಟ್ಟಿಯಲ್ಲಿ ಕಾರ್ಡುಗಳು. ಕೆಲಸ ಮುಂದುವರಿದ ಹಾಗೆ ಕಾರ್ಡನ್ನು ಎಡದಿಂದ ಬಲಕ್ಕೆ ಎಳೆಯುತ್ತಾ ಹೋಗಬೇಕು. ಇದರ ಮೂಲ ಟೊಯೊಟಾ ಕಾರ್ಖಾನೆಯಲ್ಲಿ ತೈಇಚಿ ಓನೊ ರೂಪಿಸಿದ ಕಾನ್‌ಬಾನ್ ಪದ್ಧತಿ. ಮುಂದಿನ ಹಂತದವರಿಗೆ ಬೇಕಾದಾಗ ಮಾತ್ರ ಹಿಂದಿನ ಹಂತದಲ್ಲಿ ತಯಾರಿಸುವುದು ಅದರ ತಿರುಳು.

ಪುಸ್ತಕದ ಕೆಲಸಗಳನ್ನು ಒಂದೊಂದು ಕಾರ್ಡ್ ಮಾಡಿ ಹಾಕಿದಾಗ ಟ್ರೆಲ್ಲೊ ಸಪ್ಪೆ ಅನ್ನಿಸಿತು. ಕರಡು ತಡವಾದರೆ ಆ ಕಾರ್ಡಿನ ದಿನಾಂಕ ಕೆಂಪಾಗುತ್ತದೆ. ಉಳಿದ ಕಾರ್ಡುಗಳಿಗೆ ಅದರ ಸುದ್ದಿಯೇ ಇರುವುದಿಲ್ಲ. ಆಮೇಲೆ ಹಾಕುವ ರೀತಿ ಬದಲಿಸಿದೆ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಕಾರ್ಡ್. ಪಟ್ಟಿಗಳ ಹೆಸರು ಟೈಪಿಂಗ್, ಕರಡು, ಪುಟ, ಮುಗಿಯಿತು. ಆಗ ಚಿತ್ರವೇ ಬೇರೆಯಾಯಿತು. ಕರಡಿನ ಪಟ್ಟಿಯಲ್ಲಿ ಒಂಬತ್ತು ಕಾರ್ಡು ರಾಶಿ ಬಿದ್ದಿವೆ, ಪುಟದ ಪಟ್ಟಿ ಖಾಲಿ. ಎಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿದೆ ಅಂತ ತಿಳಿಯಲು ಒಂದು ದಿನಾಂಕವನ್ನೂ ಓದಬೇಕಿಲ್ಲ. ಟೈಪಿಂಗ್ ನಿಲ್ಲಿಸಿ, ಎಲ್ಲರೂ ಕರಡು ಹಿಡಿದು ಕೂರಬೇಕು ಅಂತ ಬೋರ್ಡೇ ಹೇಳುತ್ತದೆ. ಒಂದೇ ಹಾದಿಯಲ್ಲಿ ಹತ್ತಾರು ವಸ್ತುಗಳು ಸಾಗುವ ಕೆಲಸ ನಿಮ್ಮದಾದರೆ ಇದನ್ನು ಬಿಟ್ಟು ಬೇರೆ ನೋಡಬೇಡಿ. ನಾಲ್ಕಾರು ಜನ ಸೇರಿ ಮಾಡುವ ಕೆಲಸಕ್ಕಂತೂ ಇನ್ನೂ ಒಳ್ಳೆಯದು. ಹೊಸಬರಿಗೆ ಕಲಿಸಿಕೊಡುವ ಅಗತ್ಯವೇ ಬೀಳುವುದಿಲ್ಲ.

ಗ್ಯಾಂಟ್‌ಪ್ರಾಜೆಕ್ಟ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2003ರಿಂದ ಇರುವ, ಉಚಿತ ಮತ್ತು ಮುಕ್ತ ತಂತ್ರಾಂಶ. ನೋಡಲು ಹಳೆಯ ಕಾಲದ್ದು ಅನ್ನಿಸುತ್ತದೆ. ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಫೈಲ್ ನಮ್ಮ ಹತ್ತಿರವೇ ಇರುತ್ತದೆ, ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ 1910ರ ದಶಕದಲ್ಲಿ ಬಳಕೆಗೆ ತಂದ ಪಟ್ಟಿಚಿತ್ರವೇ ಇದರ ಜೀವಾಳ. ಎಡಗಡೆ ಕೆಲಸಗಳ ಹೆಸರು, ಬಲಗಡೆ ದಿನಗಳ ಮೇಲೆ ಉದ್ದುದ್ದ ಪಟ್ಟಿಗಳು, ಅಂದರೆ ಒಂದೊಂದು ಕೆಲಸ ಹಿಡಿಯುವ ದಿನಗಳಷ್ಟು ಉದ್ದದ ಬಾರ್‌ಗಳು.

ಕರಡಿನ ಪಟ್ಟಿಯಿಂದ ಪುಟ ಕಟ್ಟುವ ಪಟ್ಟಿಗೆ ಮೌಸಿನಿಂದ ಒಂದು ಗೆರೆ ಎಳೆದರೆ ಎರಡೂ ಬೆಸೆದುಕೊಳ್ಳುತ್ತವೆ. ಹೀಗೆ ಎಲ್ಲವನ್ನೂ ಬೆಸೆದ ಮೇಲೆ ಕರಡಿನ ಪಟ್ಟಿಯ ತುದಿಯನ್ನು ಹಿಡಿದು ಐದು ದಿನ ಬಲಕ್ಕೆ ಎಳೆದೆ. ಪುಟ, ಮುಖಪುಟದ ಫೈಲ್, ಪ್ರೆಸ್ ಮೂರೂ ತಾವಾಗಿಯೇ ಜರುಗಿದವು. ಮುಖಪುಟದ ಚಿತ್ರ ಮಾತ್ರ ಇದ್ದಲ್ಲೇ ಇತ್ತು, ಯಾಕೆಂದರೆ ಅದು ಕರಡಿಗೆ ಕಾಯುತ್ತಿರಲಿಲ್ಲ. ಉಳಿದವುಗಳಲ್ಲಿ ನಾಲ್ಕು ಕಡೆ ಕೈ ಹಾಕಬೇಕಿದ್ದ ಕೆಲಸ ಇಲ್ಲಿ ಒಂದೇ ಎಳೆತಕ್ಕೆ ಮುಗಿಯಿತು. ರಜೆಯ ದಿನಗಳನ್ನು ಮೊದಲೇ ಹೇಳಿಟ್ಟಿದ್ದರೆ ಅವುಗಳನ್ನು ದಾಟಿಕೊಂಡೇ ಲೆಕ್ಕ ಹಾಕುತ್ತದೆ.

ಇದಕ್ಕಿಂತ ದೊಡ್ಡ ಉಪಕಾರ ಕ್ರಿಟಿಕಲ್ ಪಾತ್. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳು ಕಾರ್ಖಾನೆಯ ಕೆಲಸಗಳಿಗಾಗಿ ರೂಪಿಸಿದ ಲೆಕ್ಕ ಇದು. ಮೊದಲಿನಿಂದ ಕೊನೆಯವರೆಗೆ ಹೋಗುವ ದಾರಿಗಳಲ್ಲಿ ಯಾವುದು ಎಲ್ಲಕ್ಕಿಂತ ಉದ್ದವೋ ಅದೇ ಇಡೀ ಕೆಲಸದ ಅವಧಿಯನ್ನು ತೀರ್ಮಾನಿಸುತ್ತದೆ. ಆ ದಾರಿಯಲ್ಲಿರುವ ಕೆಲಸ ಒಂದು ದಿನ ತಡವಾದರೆ ಕೊನೆಯ ದಿನವೂ ಒಂದು ದಿನ ಮುಂದೆ ಹೋಗುತ್ತದೆ. ಆ ದಾರಿಯ ಹೊರಗಿದ್ದರೆ ಸ್ವಲ್ಪ ಸಡಿಲ ಸಿಗುತ್ತದೆ. ನನ್ನ ಚಿತ್ರದಲ್ಲಿ ಮುಖಪುಟದ ಚಿತ್ರ ಹೊರಗಿತ್ತು. ಅಂದರೆ ಚಿತ್ರ ಬರೆಯುವವರನ್ನು ಅವಸರಪಡಿಸುವ ಅಗತ್ಯವಿಲ್ಲ, ಕರಡು ನೋಡುವವರಿಗೆ ಇನ್ನೊಬ್ಬರನ್ನು ಜೊತೆಗೆ ಕೊಡಬೇಕು. ಇಂಥ ತೀರ್ಮಾನಕ್ಕೆ ಬರಲು ಬರೀ ಪಟ್ಟಿಯಿಂದ ಆಗುವುದಿಲ್ಲ.

ಬೆಸುಗೆಯಲ್ಲೂ ಎರಡು ಬಗೆಯಿವೆ, ಇದನ್ನು ತಿಳಿದುಕೊಂಡರೆ ಒಳ್ಳೆಯದು. 'ಸ್ಟ್ರಾಂಗ್' ಅಂತ ಇಟ್ಟರೆ ಹಿಂದಿನ ಕೆಲಸ ಮುಗಿದ ಕೂಡಲೇ ಮುಂದಿನದು ಅಂಟಿಕೊಂಡು ಬರುತ್ತದೆ. 'ರಬ್ಬರ್' ಅಂತ ಇಟ್ಟರೆ ಹಿಂದಿನದು ಮುಗಿದ ಮೇಲೆ ಯಾವಾಗ ಬೇಕಾದರೂ ಶುರುವಾಗಬಹುದು. ಪ್ರೆಸ್ಸಿನವರು ಇಂಥ ದಿನವೇ ಅಂತ ಮೊದಲೇ ಹೇಳಿದ್ದರೆ ರಬ್ಬರ್ ಇಡಿ. ಕರಡು ಬೇಗ ಮುಗಿದರೂ ಪ್ರೆಸ್ಸಿನ ದಿನ ಹಿಂದಕ್ಕೆ ಸರಿಯುವುದಿಲ್ಲ.

ಕೊರತೆಗಳೂ ಇವೆ. 'ಮುನ್ನುಡಿಗೆ ಫೋನ್ ಮಾಡು' ಅನ್ನುವಂಥ ಬಿಡಿ ಕೆಲಸಕ್ಕೆ ಇದು ಭಾರ. ಬೆಳಿಗ್ಗೆ ತೆರೆದು ಇವತ್ತೇನು ಅಂತ ಕೇಳಿದರೆ ಚುಟುಕಾಗಿ ಉತ್ತರ ಕೊಡುವುದಿಲ್ಲ, ಇಡೀ ಚಿತ್ರವನ್ನೇ ಮುಂದಿಡುತ್ತದೆ. ಸಮಯಕ್ಕೆ ಎಚ್ಚರಿಸುವ ಕೆಲಸವೂ ಇದರದ್ದಲ್ಲ.

ಇದೇ ಜಾತಿಯಲ್ಲಿ ದೊಡ್ಡಣ್ಣ ಮೈಕ್ರೋಸಾಫ್ಟ್ ಪ್ರಾಜೆಕ್ಟ್. 1984ರಲ್ಲಿ ಡಾಸ್ ಕಾಲದಲ್ಲೇ ಶುರುವಾದದ್ದು. ಒಬ್ಬರ ಕೆಲಸಕ್ಕೆ ಅಷ್ಟು ದೊಡ್ಡದು ಬೇಡ, ದುಡ್ಡನ್ನೂ ಕೊಡಬೇಕು. ಬೇರೆಯವರು ಅದರ ಫೈಲ್ ಕಳಿಸುತ್ತಾರೆ ಅಂತಾದರೆ ಪ್ರಾಜೆಕ್ಟ್‌ಲಿಬ್ರೆ ಉಚಿತವಾಗಿ ತೆರೆಯುತ್ತದೆ.

ಟಾಸ್ಕ್‌ವಾರಿಯರ್

ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ಕಿಟಕಿ) ಬಳಸಿ ರೂಢಿ ಇರುವವರಿಗೆ ಮಾತ್ರ. ಗುಂಡಿಗಳಿಲ್ಲ, ಎಲ್ಲವೂ ಆಜ್ಞೆಗಳ ಮೂಲಕ. ಆದರೆ ಇದರ ಬುದ್ಧಿ ಮೆಚ್ಚಬೇಕಾದದ್ದು. ಪ್ರತಿ ಕೆಲಸಕ್ಕೂ ತುರ್ತಿನ ಅಂಕ ಕೊಡುತ್ತದೆ. ದಿನಾಂಕ ಹತ್ತಿರವಾದ ಹಾಗೆ ಅಂಕ ಏರುತ್ತದೆ. ಬೇರೆ ಕೆಲಸಗಳನ್ನು ತಡೆದು ನಿಂತಿರುವ ಕೆಲಸಕ್ಕೆ 8 ಅಂಕ ಹೆಚ್ಚು, ತಡೆಗೆ ಸಿಕ್ಕಿ ನಿಂತಿರುವುದಕ್ಕೆ 5 ಅಂಕ ಕಡಿಮೆ. ಹಾಗಾಗಿ ಕರಡು ಮುಗಿಯದಿದ್ದರೆ ಅದು ತಾನಾಗಿ ಪಟ್ಟಿಯ ತಲೆಗೆ ಬರುತ್ತದೆ. ಪುಟ ಕಟ್ಟುವುದು ಕೆಳಗೆ ಇಳಿಯುತ್ತದೆ. ದಿನಾಂಕಗಳು ಮಾತ್ರ ಗ್ಯಾಂಟ್‌ಪ್ರಾಜೆಕ್ಟಿನ ಹಾಗೆ ತಾವೇ ಜರುಗುವುದಿಲ್ಲ. ಕೊನೆಯ ದಿನಕ್ಕೆ ಮೂರು ದಿನ ಇರುವವರೆಗೂ ಒಂದು ಕೆಲಸವನ್ನು ಕಣ್ಣಿಗೆ ಬೀಳದಂತೆ ಅಡಗಿಸಿಡಲೂಬಹುದು. ಸುಮ್ನೆ ಕಣ್ಣಿಗೆ ಚುಚ್ಚುವ ಪಟ್ಟಿಯಿಂದ ಬೇಸತ್ತವರಿಗೆ ಇದು ದೊಡ್ಡ ನೆಮ್ಮದಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಅಡ್ಡಿ ಇದೆ. ಅದು ಟಾಸ್ಕ್‌ವಾರಿಯರಿನದ್ದಲ್ಲ, ಟರ್ಮಿನಲ್‌ಗಳದ್ದು. ಅನೇಕ ಟರ್ಮಿನಲ್‌ಗಳು ಪ್ರತಿ ಅಕ್ಷರಕ್ಕೂ ಸಮ ಅಗಲದ ಚೌಕ ಕೊಡುತ್ತವೆ. ಕನ್ನಡದ ಒತ್ತಕ್ಷರ ಅದರಲ್ಲಿ ಕೂರುವುದಿಲ್ಲ. 'ಮುದ್ರಣ' ಅಂತ ಬರೆದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಪಟ್ಟಿಯ ಅಂಕಣಗಳೂ ಓರೆಯಾಗುತ್ತವೆ. ಒಳಗೆ ಉಳಿಯುವ ಪಠ್ಯ ಸರಿಯಾಗಿಯೇ ಇರುತ್ತದೆ, ಓದಲು ಮಾತ್ರ ಕಷ್ಟ.

ನೋಷನ್ ಯಾಕಿಲ್ಲ ಅಂತ ಕೇಳಬಹುದು. ಅದರಲ್ಲಿ ಏನು ಬೇಕಾದರೂ ಕಟ್ಟಬಹುದು, ಕೆಲಸಗಳನ್ನು ಒಂದಕ್ಕೊಂದು ಬೆಸೆಯಲೂ ಬರುತ್ತದೆ. ಆದರೆ ಕಟ್ಟುವವರು ನಾವೇ. ಟಿಪ್ಪಣಿ, ದಾಖಲೆ, ಪಟ್ಟಿ ಎಲ್ಲವೂ ಒಂದೇ ಕಡೆ ಇರಬೇಕು ಅನ್ನುವವರಿಗೆ ಆ ಶ್ರಮ ಸಾರ್ಥಕ. ಬರೀ ಕೆಲಸದ ಪಟ್ಟಿಗೆ ಅಷ್ಟು ಬೇಡ.

ಕೊನೆಗೆ ನಾನು ಉಳಿಸಿಕೊಂಡದ್ದು ಎರಡನ್ನು. ಪುಸ್ತಕದಂಥ ಸರಣಿ ಕೆಲಸಕ್ಕೆ ಗ್ಯಾಂಟ್‌ಪ್ರಾಜೆಕ್ಟ್, ದಿನದ ಕೆಲಸಕ್ಕೆ ಮೈಕ್ರೋಸಾಫ್ಟ್ ಟು ಡು. ಎರಡು ಕಡೆ ಬರೆಯುವುದು ತೊಂದರೆ ಅಲ್ವಾ ಅಂದರೆ, ಹೌದು. ಅದಕ್ಕೇ ಈ ವಾರ ಮಾಡಬೇಕಾದದ್ದನ್ನು ಮಾತ್ರ ಟು ಡುಗೆ ತರುತ್ತೇನೆ. ಮುಂದಿನ ವಾರದ ದಿನಾಂಕಗಳು ಗ್ಯಾಂಟ್‌ಪ್ರಾಜೆಕ್ಟಿನಲ್ಲೇ ಇರಲಿ, ಅವು ಇನ್ನೂ ಜರುಗಬಹುದು. ಸರಣಿ ಕೆಲಸವೇ ಇಲ್ಲ, ಮತ್ತೆ ಮತ್ತೆ ಬರುವ ಕೆಲಸಗಳೇ ಜಾಸ್ತಿ ಅನ್ನುವವರಿಗೆ ಟೂಡೂಯಿಸ್ಟ್ ಒಂದೇ ಸಾಕು.

ಯಾವುದನ್ನೇ ಆರಿಸಿದರೂ, ಒಳಗೆ ಹಾಕಿದ್ದನ್ನು ಹೊರಗೆ ತೆಗೆಯಲು ಬರುತ್ತದೆಯಾ ಅಂತ ಮೊದಲೇ ನೋಡಿಕೊಳ್ಳಿ. ಸೇವೆಗಳು ನಿಂತುಹೋಗುವುದುಂಟು. ವಂಡರ್‌ಲಿಸ್ಟ್ ಎಷ್ಟೋ ಜನರ ಮೆಚ್ಚಿನ ಆಪ್ ಆಗಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು, 2020ರ ಮೇ ತಿಂಗಳಲ್ಲಿ ನಿಲ್ಲಿಸಿತು. ಗ್ಯಾಂಟ್‌ಪ್ರಾಜೆಕ್ಟಿನ ಫೈಲ್ ಎಕ್ಸ್‌ಎಂಎಲ್ ರೂಪದ್ದು, ನೋಟ್‌ಪ್ಯಾಡಿನಲ್ಲೂ ತೆರೆದು ಓದಬಹುದು. ಟೂಡೂಯಿಸ್ಟ್ ಒಂದೊಂದು ಪ್ರಾಜೆಕ್ಟನ್ನು ಸಿಎಸ್‌ವಿ ಫೈಲಾಗಿ, ಅಂದರೆ ಎಕ್ಸೆಲ್‌ನಲ್ಲೂ ತೆರೆಯಬಹುದಾದ ಸಾದಾ ಪಠ್ಯದ ಕೋಷ್ಟಕವಾಗಿ ಕೊಡುತ್ತದೆ. ಟ್ರೆಲ್ಲೊ ಉಚಿತವಾಗಿ ಕೊಡುವುದು ಮುಖ್ಯವಾಗಿ ತಂತ್ರಾಂಶಗಳು ಓದುವ ಜೇಸನ್ ರೂಪದಲ್ಲಿ, ಸಿಎಸ್‌ವಿ ಬೇಕಾದರೆ ಹಣ ಕೊಡುವ ಯೋಜನೆ ಬೇಕು.

ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬಂದರೆ ಗಾಬರಿಯಾಗಬೇಡಿ, ಏನೂ ಕಳೆದುಹೋಗಿಲ್ಲ. ಖಾಲಿ ಶೀಟ್ ತೆರೆದು, 'ಡೇಟಾ' ಮೆನುವಿನಿಂದ ಫೈಲನ್ನು ತರಿಸಿಕೊಳ್ಳಿ. ಅಕ್ಷರಗಳ ಸಂಕೇತ ಯಾವುದು ಅಂತ ಕೇಳುವ ಜಾಗದಲ್ಲಿ 65001, ಅಂದರೆ ಯೂನಿಕೋಡ್ ಯುಟಿಎಫ್-8 ಆರಿಸಿ. ಕನ್ನಡ ಸರಿಯಾಗಿ ಬರುತ್ತದೆ.