ರಕ್ತದ ರಿಪೋರ್ಟ್ ನೋಡಿ ದೇಹದ ವಯಸ್ಸು ಹೇಳೋ ಆ್ಯಪ್: ಎರಡ ವರ್ಷ ಬಳಸಿ ನೋಡಿದ್ದು

ಮೂರೂವರಿ ಸ್ಟಾರ್ ಕೊಡ್ತೀನಿ. ರೊಕ್ಕ ಹಾಳಾತು ಅಂತ ಅನಸಿಲ್ಲ, ಆದ್ರ ಸ್ಕ್ರೀನ್ ಮ್ಯಾಲ ದೊಡ್ಡದಾಗಿ ಬರೋ ವಯಸ್ಸಿಗಿಂತ ಅದರ ಕೆಳಗ ಸಣ್ಣಕ್ಷರದಾಗ ಇರೋ ಒಂಬತ್ತು ನಂಬರನ ನಂಗ ಹೆಚ್ಚ ಉಪಯೋಗಕ್ಕ ಬಂದ್ವು.

ಇದರ ಹಿಂದಿನ ಲೆಕ್ಕಕ್ಕ ಫೀನೋಏಜ್ ಅಂತಾರ, 2018ರಾಗ ಮಾರ್ಗನ್ ಲೆವಿನ್ ಮತ್ತ ಅವರ ಜೋಡಿಯೋರು ಪ್ರಕಟ ಮಾಡಿದ್ದು. ಆಲ್ಬುಮಿನ್ (ರಕ್ತದಾಗಿನ ಪ್ರೋಟೀನ್), ಕ್ರಿಯಾಟಿನಿನ್ (ಕಿಡ್ನಿ ಹೆಂಗೈತಿ ತೋರಿಸೋದು), ಶುಗರ್, ಸಿಆರ್‌ಪಿ (ಮೈಯಾಗಿನ ಉರಿಯೂತ ತೋರಿಸೋದು), ಲಿಂಫೋಸೈಟ್ ಪರ್ಸೆಂಟ್ (ಬಿಳಿಕಣದಾಗ ಒಂದ ನಮೂನಿ ಕಣದ ಪಾಲು), ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ), ಆರ್‌ಡಿಡಬ್ಲ್ಯೂ (ಇದೇನಂತ ಮುಂದ ಹೇಳ್ತೀನಿ), ಆಲ್ಕಲೈನ್ ಫಾಸ್ಫಟೇಸ್ (ಲಿವರ್, ಎಲುಬಿಗೆ ಸಂಬಂಧಪಟ್ಟ ಕಿಣ್ವ), ಬಿಳಿ ರಕ್ತಕಣ, ಇವಕ್ಕ ನಮ್ಮ ಖರೇ ವಯಸ್ಸು ಸೇರಿಸಿ ಲೆಕ್ಕ ಹಾಕ್ತಾರ. ಒಂದೂ ಹೊಸಾ ಟೆಸ್ಟ್ ಅಲ್ಲ, ನಮ್ಮ ಏರಿಯಾ ವಿದ್ಯಾನಗರದಾಗ ಯಾವ ಲ್ಯಾಬಿಗೆ ಹೋದ್ರೂ ಮಾಡ್ತಾರ. ಲೆಕ್ಕಕ್ಕ ಆಧಾರ ಅಮೆರಿಕದ ಆರೋಗ್ಯ ಸಮೀಕ್ಷೆ, ನಮ್ಮ ಕಡೀ ಮಂದಿ ರಕ್ತ ಅಲ್ಲ, ಇದು ತಲ್ಯಾಗಿರಲಿ.

ನಂಗ ಆಗ 44, ಆ್ಯಪ್ ತೋರಿಸಿದ್ದು 51. ಶುಗರ್ ಸರಿ, ಕಿಡ್ನಿ ಸರಿ, ಹಂಗಾದ್ರ ಎಲ್ಲಿಂದ ಬಂತು ಇಷ್ಟ ವಯಸ್ಸು ಅಂತ ಒಂದೊಂದ ನೋಡ್ಕೋತ ಹೋದ್ರ ಆರ್‌ಡಿಡಬ್ಲ್ಯೂ 16.4 ಇತ್ತು, ಲ್ಯಾಬಿನ ಮಿತಿ 14.5. ಕೆಂಪು ರಕ್ತಕಣ ಒಂದಕ್ಕೊಂದು ಗಾತ್ರದಾಗ ಎಷ್ಟ ಫರಕ್ ಅದಾವು ಅನ್ನೋ ನಂಬರ್ ಅದು, ಫಾರ್ಮುಲಾದಾಗ ಅದಕ್ಕ ಭಾಳ ತೂಕ, ಒಂದ ಪಾಯಿಂಟ್ ಏರಿದ್ರ ಮೂರೂವರಿ ವರ್ಷಕ್ಕಿಂತ ಸ್ವಲ್ಪ ಹೆಚ್ಚ ಏರ್ತೈತಿ. ಡಾಕ್ಟರ್ ಫೆರಿಟಿನ್ (ಮೈಯಾಗ ಕೂಡಿಟ್ಟ ಕಬ್ಬಿಣಾಂಶ ತೋರಿಸೋ ಟೆಸ್ಟ್) ಮಾಡಿಸಿದ್ರು, ಕಬ್ಬಿಣಾಂಶ ತಳಾ ಕಂಡಿತ್ತು. ಮುಟ್ಟಿನಾಗ ಹೆಚ್ಚ ಹೋಗೂದು, ಸುಸ್ತು, ಇವನ್ನೆಲ್ಲಾ ವಯಸ್ಸಿನ ಸಲುವಾಗಿ ಅಂತ ನಮ್ಮ ಕಡೆ ಹೆಣ್ಮಕ್ಕಳು ಸುಮ್ನ ಇರ್ತಾರ, ನೋಡಿದ್ರ ಹೊಟ್ಟಿ ಉರಿತೈತಿ. ಡಾಕ್ಟರ್ ಕಬ್ಬಿಣಾಂಶದ ಗುಳಿಗಿ ಬರಕೊಟ್ಟು, "ಗುಳಿಗಿ ತಗೊಂಡ ಮ್ಯಾಲ ಲಗೂನ ಚಹಾ ಕುಡಿಬ್ಯಾಡ್ರಿ, ಲಿಂಬಿ ಶರಬತ್ ಕುಡೀರಿ" ಅಂದ್ರು.

ಗುಳಿಗಿ ಶುರು ಮಾಡಿದ ಮುಂದಿನ ತಿಂಗಳ ಟೆಸ್ಟಿನಾಗ ವಯಸ್ಸು ಇನ್ನೂ ಏರಿತ್ತು! ಮೈಯಾಗ ಕಸುವು ಬಂದೈತಿ, ಆ್ಯಪ್ ಮಾತ್ರ ಕೆಂಪು ಬಾಣ ತೋರಿಸ್ತೈತಿ. ಡಾಕ್ಟರ್ ತಿಳಿಸಿ ಹೇಳಿದ್ರು, ಹೊಸಾ ದೊಡ್ಡ ಕಣ ಬರಾಕತ್ತಾವು, ಹಳೇ ಸಣ್ಣವು ಇನ್ನೂ ಅದಾವು, ಎರಡೂ ಕೂಡಿ ಇದ್ದಾಗ ಆರ್‌ಡಿಡಬ್ಲ್ಯೂ ಸ್ವಲ್ಪ ದಿನ ಏರೂದ, ಅಂತ. ಕೆಲವು ತಿಂಗಳಾದ ಮ್ಯಾಲ 13ರ ಸುತ್ತ ಬಂತು, ವಯಸ್ಸೂ ಇಳೀತು. ಇಂಥಾದೊಂದ ಸಾಲು ಆ್ಯಪಿನಾಗ ಮೊದಲ ಬರೆದಿಟ್ಟಿದ್ರ ನಾ ಅಷ್ಟ ಗಾಬ್ರಿ ಆಗ್ತಿರಲಿಲ್ಲ.

ದೊಡ್ಡ ತಕರಾರು ಯುನಿಟ್‌ದು. ನಮ್ಮ ಲ್ಯಾಬಿನೋರು ಆಲ್ಬುಮಿನ್ ಪ್ರತಿ ಡೆಸಿಲೀಟರ್‌ಗೆ 4.2 ಗ್ರಾಂ ಅಂತ ಕೊಡ್ತಾರ, ಫಾರ್ಮುಲಾಕ್ಕ ಪ್ರತಿ ಲೀಟರ್‌ಗೆ 42 ಗ್ರಾಂ ಅಂತ ಬೇಕು. ಶುರುದಾಗ ಆ್ಯಪ್ ಯುನಿಟ್ಟ ಕೇಳ್ತಿರಲಿಲ್ಲ, 4.2 ಹಾಕಿದ್ರ ಅದನ್ನ ಹಂಗ ಲೆಕ್ಕಕ್ಕ ತಗೋತಿತ್ತು. ನಮ್ಮ ಮಾವಾರಿಗೆ ಇದರಿಂದ ಹದಿನಾಲ್ಕು ವರ್ಷ ಹೆಚ್ಚ ಬಂದು ಪಾಪ ಅವರು ಎರಡ ದಿನ ಸರಿ ಉಣಲಿಲ್ಲ. ಆಮ್ಯಾಲಿನ ಅಪ್‌ಡೇಟ್‌ದಾಗ ಸರಿ ಮಾಡ್ಯಾರ.

ತಗೊಳ್ಳೋರಿಗೆ ಹೇಳೂದು ಅಂದ್ರ ಜ್ವರ ನೆಗಡಿ ಇದ್ದಾಗ ಮಾಡಸಬ್ಯಾಡ್ರಿ, ಸಿಆರ್‌ಪಿ ಬಿಳಿಕಣ ಎರಡೂ ಏರಿ ವಯಸ್ಸು ಸುಳ್ಳ ಏರ್ತೈತಿ. ಹೈ ಸೆನ್ಸಿಟಿವಿಟಿ ಸಿಆರ್‌ಪಿ ಅಂತ ಕೇಳ್ರಿ, ಸಾದಾದ್ರಾಗ "5ಕ್ಕಿಂತ ಕಡಿಮಿ" ಅಂತಷ್ಟ ಬಂದ್ರ ಲೆಕ್ಕಕ್ಕ ಹಾಕಾಕ ಬರೂದಿಲ್ಲ. ಪ್ರತಿ ಸಲ ಅದ ಲ್ಯಾಬು, ಮುಂಜಾನೆ ಖಾಲಿ ಹೊಟ್ಟಿ.

ತಿಂಗಳ ಪ್ಲ್ಯಾನ್ ಬ್ಯಾಡ, ವರ್ಷಕ್ಕೊಮ್ಮೆ ಸಾಕು. ಫಾರ್ಮುಲಾ ಎಲ್ಲಾರಿಗೂ ಸಿಗತೈತಿ, ಎಕ್ಸೆಲ್ ಬರೋ ಮಕ್ಕಳು ಮನ್ಯಾಗಿದ್ರ ಅವರ ಹಾಕಿ ಕೊಡ್ತಾರ. ನಾ ಈ ಸಲ ರಿನ್ಯೂ ಮಾಡ್ಲಿಲ್ಲ, ಟೆಸ್ಟ್ ಮಾತ್ರ ಫೆರಿಟಿನ್ ಸೇರಿಸಿ ಮಾಡಸ್ತೀನಿ.