ಇಂಜಿನ್ ಬದಲಾಯಿಸಿದ ಮೇಲೆ ಐಡ್ಲಿಂಗ್ ನಡುಗಿದರೆ: ವ್ಯಾಕ್ಯೂಮ್ ಗೇಜೋ, ಡಾಂಗಲ್ಲೋ, ಹೊಗೆ ಮಷಿನ್ನೋ?

ಮೊದಲೇ ಹೇಳಿಬಿಡುವುದು ಒಳ್ಳೆಯದು: ಸಾವಿರ ರೂಪಾಯಿ ಆಚೀಚೆಗೆ ಸಿಗುವ ಮುಳ್ಳಿನ ವ್ಯಾಕ್ಯೂಮ್ ಗೇಜೇ, ಅಂದರೆ ಇಂಜಿನ್ ಗಾಳಿ ಎಳೆಯುವ ಬಲ ಅಳೆಯುವ ಸಾಧನವೇ, ಇಲ್ಲಿ ಗೆದ್ದದ್ದು. ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಬ್ಲೂಟೂತ್ ಡಾಂಗಲ್ ಎರಡನೆಯದು. ಗಾಳಿಯ ದಾರಿಗೆ ಹೊಗೆ ತುಂಬಿ ಸೋರಿಕೆ ತೋರಿಸುವ ಹೊಗೆ ಮಷಿನ್ ಬೇಕಾದ ದಿನ ಗ್ಯಾರೇಜಿಗೆ ಹೋಗಿ ಹಾಕಿಸಿಕೊಂಡರೆ ಸಾಕು. ಸೋರಿಕೆ ಹುಡುಕಲು ಹೊರಗಿಂದ ಹೊಡೆಯುವ ಕಾರ್ಬ್ ಕ್ಲೀನರ್ ಸ್ಪ್ರೇಗೆ ಕೊನೆಯ ಸ್ಥಾನ. ಇದೆಲ್ಲ ಪೆಟ್ರೋಲ್ ಗಾಡಿಯ ಮಾತು. ಹಳೆಯ ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ) ಅಳೆಯುವಷ್ಟು ಎಳೆತವೇ ಇರುವುದಿಲ್ಲ.

ಓಡುತ್ತಿದ್ದ ಇಂಜಿನ್ ಸವೆದು ಕೆಟ್ಟರೆ ಅದರ ರೋಗ ಬೇರೆ. ಗುಜರಿಯಿಂದ ತಂದು ಕೂರಿಸಿದ ಇಂಜಿನ್ನಿನಲ್ಲಿ ಹೆಚ್ಚಾಗಿ ಕೆಟ್ಟಿರುವುದು ಕೈ ಹಾಕಿ ಬಿಚ್ಚಿದ ಜಾಗಗಳು. ಹಳೇ ಇನ್‌ಟೇಕ್ ಗ್ಯಾಸ್ಕೆಟನ್ನೇ ಮತ್ತೆ ಹಾಕಿರುತ್ತಾರೆ, ಇಂಜಿನ್ನಿನ ಒಳಗಿನ ಆವಿಯನ್ನು ಇನ್‌ಟೇಕಿಗೆ ತರುವ ಪಿಸಿವಿ ಹೋಸು ಬಿರುಕು ಬಿಟ್ಟಿರುತ್ತದೆ, ಇಂಜೆಕ್ಟರಿನ ಓ-ರಿಂಗ್ ಮಡಚಿಕೊಂಡಿರುತ್ತದೆ, ಪೆಟ್ರೋಲ್ ಆವಿ ಹಿಡಿದಿಡುವ ಕ್ಯಾನಿಸ್ಟರಿನ ಪೈಪು ಎಲ್ಲಿಗೆಂದು ಗೊತ್ತಾಗದೆ ಬಾಯಿ ತೆರೆದೇ ಉಳಿದಿರುತ್ತದೆ. ಇಲ್ಲವಾದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿರುತ್ತದೆ. ಇವೆಲ್ಲ ಗಾಳಿ ಒಳಗೆ ಹೋಗುವ ದಾರಿಗೆ ಸೇರಿದವು. ಹಾಗಾಗಿ ಆ ದಾರಿಯನ್ನೇ ನೇರವಾಗಿ ಅಳೆಯುವ ಸಾಧನಕ್ಕೆ ಮೊದಲ ಮಣೆ.

ಯಾವ ಸಾಧನ ಹಿಡಿಯುವ ಮೊದಲೂ ಅರ್ಥಿಂಗ್ ನೋಡಬೇಕು. ಪಣಂಬೂರು, ಮಲ್ಪೆ ಕಡೆ ಕಡಲ ಗಾಳಿಗೆ ನಿಲ್ಲುವ ಗಾಡಿಗಳಲ್ಲಿ ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಹೊರಗೆ ಚೆನ್ನಾಗಿ ಕಂಡರೂ ಬೋಲ್ಟ್ ಕೂರುವ ಲಗ್ಗಿನ ಅಡಿಯಲ್ಲಿ ಹಸಿರುಗಟ್ಟಿರುತ್ತದೆ. ಇಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್, ಬ್ಲೋವರ್ ಹಾಕಿ, ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಪಟ್ಟಿ ಬಿಚ್ಚಿ ಉಜ್ಜಿ ಹಾಕುವವರೆಗೆ ಸೆನ್ಸರುಗಳ ಮಾತು ನಂಬುವ ಹಾಗಿಲ್ಲ. ಇನ್ನು ಎಕ್ಸಾಸ್ಟಿನ ಸದ್ದು ಸಮವಾಗಿದ್ದು ಸ್ಟಿಯರಿಂಗ್ ಮಾತ್ರ ನಡುಗಿದರೆ ಅದು ಮಿಸ್ಸಿಂಗ್ (ಸಿಲಿಂಡರ್ ಉರಿಯದಿರುವುದು) ಅಲ್ಲ, ಇಂಜಿನ್ ಕೂರುವ ಮೌಂಟಿಂಗ್.

ಡಾಂಗಲ್ಲಿನ ವಿಷಯ. ಇಎಲ್‌ಎಮ್ 327 ಎಂಬ ಚಿಪ್ಪಿನ ಹೆಸರಿನ ಅಗ್ಗದ ನಕಲು ಮತ್ತು ಒಂದು ಫೋನ್ ಆ್ಯಪ್ ಸಾಕು. ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎನ್ನುವ ಅಂಕಿ, ಓದಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಐಡ್ಲಿಂಗಿನಲ್ಲಿ ಶಾರ್ಟ್ (ಆ ಕ್ಷಣದ) ಮತ್ತು ಲಾಂಗ್ (ಕಲಿತಿಟ್ಟ) ಟ್ರಿಮ್ ಕೂಡಿಸಿ ಪ್ಲಸ್ 20ರ ಹತ್ತಿರ ಇದ್ದು, 2,500 ಆರ್‌ಪಿಎಮ್‌ಗೆ ಏರಿಸಿದಾಗ 5ಕ್ಕೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಏರಿಸಿದಷ್ಟೂ ಟ್ರಿಮ್ ಹೆಚ್ಚಿದರೆ ಪೆಟ್ರೋಲ್ ಸಾಲುತ್ತಿಲ್ಲ, ಪಂಪು ಅಥವಾ ಫಿಲ್ಟರ್ ನೋಡಿ. ಆದರೆ ಇದು ಒಳಗೆ ಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಇಂಜಿನ್ನಿಗೆ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇದ್ದರೆ ಕಥೆ ತಿರುಗುತ್ತದೆ: ಸೋರಿ ಬಂದ ಗಾಳಿ ಮ್ಯಾನಿಫೋಲ್ಡಿನ ಒತ್ತಡ ಏರಿಸುತ್ತದೆ, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ, ಟ್ರಿಮ್ ಸಭ್ಯವಾಗಿಯೇ ಕಾಣುತ್ತದೆ, ಐಡ್ಲಿಂಗ್ ಮಾತ್ರ ಮೇಲೆ ಕೆಳಗೆ ಜೀಕುತ್ತದೆ.

ಡಾಂಗಲ್ಲಿನ ಇನ್ನೊಂದು ಕೊರತೆ ವೇಗ. ನಾಲ್ಕು ಸಿಲಿಂಡರಿನ ಇಂಜಿನ್ 800 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ ಸುಮಾರು 27 ಸಲ ಉರಿಯುತ್ತದೆ. ನಾಲ್ಕೈದು ಅಂಕಿಗಳನ್ನು ಒಟ್ಟಿಗೆ ತೋರಿಸು ಅಂದರೆ ನಕಲು ಡಾಂಗಲ್ ಸೆಕೆಂಡಿಗೆ ಒಂದೆರಡು ಸಲ ಅಂಕಿ ಬದಲಿಸಿದರೆ ಹೆಚ್ಚು. ನಡುವೆ ಸತ್ತ ಉರಿಗಳು ಕಾಣುವುದೇ ಇಲ್ಲ. ಪಿ0300ರಿಂದ ಪಿ0304ರ ತನಕದ ಮಿಸ್ಸಿಂಗ್ ಕೋಡ್ ಬಂದರೆ ಪುಣ್ಯ. ಓಬಿಡಿ (ಗಾಡಿಯೇ ತನ್ನ ದೋಷ ದಾಖಲಿಸುವ ವ್ಯವಸ್ಥೆ) ಕಡ್ಡಾಯವಾಗುವ ಮೊದಲಿನ ಎಂಪಿಎಫ್ಐ (ಸಿಲಿಂಡರಿಗೊಂದು ಇಂಜೆಕ್ಟರಿನ) ಗಾಡಿಯಾದರೆ ಡಾಂಗಲ್ ಬಾಯೇ ಬಿಡದಿರಬಹುದು. ಹಳೆಯ ಮಾರುತಿಗಳಲ್ಲಿ ಡಯಾಗ್ನೋಸಿಸ್ ಕನೆಕ್ಟರಿನ ಪಿನ್ನುಗಳನ್ನು ತಂತಿಯಲ್ಲಿ ಜೋಡಿಸಿ ಚೆಕ್ ಇಂಜಿನ್ ದೀಪದ ಮಿಣುಕು ಎಣಿಸುವುದೇ ದಾರಿ. 12 ಬಂದರೆ ದೋಷ ದಾಖಲಾಗಿಲ್ಲ ಎಂದರ್ಥ. ದಾಖಲಾಗಿಲ್ಲ ಅಷ್ಟೇ, ದೋಷವೇ ಇಲ್ಲ ಎಂದಲ್ಲ.

ಗೇಜಿನ ಮುಳ್ಳು ಇವುಗಳಿಗೆಲ್ಲ ಕಾಯುವುದಿಲ್ಲ. ಸಮುದ್ರಮಟ್ಟದಲ್ಲಿ ಬಿಸಿಯಾದ ಆರೋಗ್ಯವಂತ ಇಂಜಿನ್ ಐಡ್ಲಿಂಗಿನಲ್ಲಿ 17ರಿಂದ 21 ಇಂಚು ಪಾದರಸ (ಎಳೆತದ ಅಳತೆ) ತೋರಿಸಬೇಕು, ಮುಳ್ಳು ಅಲುಗಬಾರದು. ಮಂಗಳೂರು, ಉಡುಪಿಯವರಿಗೆ ಇದೊಂದು ಅನುಕೂಲ: ಪುಸ್ತಕದ ಅಂಕಿಯನ್ನು ಹಾಗೇ ಹಿಡಿಯಬಹುದು. ಸಾವಿರ ಅಡಿ ಏರಿದರೆ ಒಂದು ಇಂಚು ಕಳೆಯಬೇಕು, ಅಂದರೆ ಆಗುಂಬೆ ಘಾಟಿ ಹತ್ತಿದರೆ ಸುಮಾರು ಎರಡು ಇಂಚು, ಮಡಿಕೇರಿಯಲ್ಲಿ ಹತ್ತಿರ ಹತ್ತಿರ ನಾಲ್ಕು. ಮುಳ್ಳು 14–15ರಲ್ಲಿ ಗಟ್ಟಿಯಾಗಿ ನಿಂತರೆ ಬೆಲ್ಟಿನ ಗುರುತು ಅಥವಾ ಇಗ್ನಿಷನ್ ಟೈಮಿಂಗ್ ತಡವಾಗಿದೆ. ಇನ್ನೂ ಕೆಳಗೆ ಬಿದ್ದರೆ ಮ್ಯಾನಿಫೋಲ್ಡ್ ಸೋರಿಕೆ. ಸಮ ಅಂತರದಲ್ಲಿ ಟಿಕ್ ಟಿಕ್ ಎಂದು ಸೆಕೆಂಡಿಗೆ ಆರೇಳು ಸಲ ಕೆಳಗೆ ಕುಕ್ಕಿದರೆ ಒಂದೇ ಸಿಲಿಂಡರಿನ ಕೆಲಸ, ಯಾಕೆಂದರೆ 800ರಲ್ಲಿ ಒಂದು ಸಿಲಿಂಡರ್ ಉರಿಯುವುದೂ ಅಷ್ಟೇ ಸಲ. ನಿಧಾನಕ್ಕೆ ತೇಲಾಡಿದರೆ ಮಿಶ್ರಣ ಸರಿ ಇಲ್ಲ.

ಇಷ್ಟೆಲ್ಲ ಹೊಗಳಿದ ಗೇಜಿನದು ಒಂದೇ ಒಂದು ಪೀಡೆ ಇದೆ, ಅದು ಟಿ, ಅಂದರೆ ಪೈಪಿನ ನಡುವೆ ಸೇರಿಸಿ ಗೇಜಿಗೆ ಕವಲು ಕೊಡುವ ಮೂರು ಬಾಯಿಯ ತುಂಡು, ಹಾಕುವ ಜಾಗ. ಗೇಜ್ ಕೊಂಡವರಲ್ಲಿ ಅದನ್ನು ಬೈಯುವವರ ಗೋಳು ಹೆಚ್ಚಾಗಿ ಇಲ್ಲಿಂದಲೇ ಹುಟ್ಟುವುದು.

ಕೈಗೆ ಸುಲಭಕ್ಕೆ ಸಿಗುವ ದಪ್ಪ ಪೈಪು ಬ್ರೇಕ್ ಬೂಸ್ಟರಿನದು. ಆ ದಾರಿಯಲ್ಲಿ ಒಂದು ಒನ್‌ವೇ ವಾಲ್ವ್ ಕೂತಿರುತ್ತದೆ. ಕೆಲವದರಲ್ಲಿ ಬೂಸ್ಟರಿನ ಬಾಯಲ್ಲೇ, ಕೆಲವದರಲ್ಲಿ ಹೋಸಿನ ಒಳಗೇ. ಹೊರಗಿಂದ ಒಂದು ಬಾಣದ ಗುರುತು ಬಿಟ್ಟರೆ ಏನೂ ಕಾಣದು. ಟಿ ವಾಲ್ವಿನಿಂದ ಬೂಸ್ಟರಿನ ಕಡೆಗೆ ಬಿತ್ತೋ, ಅಲ್ಲಿ ನಿರ್ವಾತ ಒಳಗೇ ಬೀಗ ಹಾಕಿಕೊಂಡು ಕೂತಿರುತ್ತದೆ. ಇಂಜಿನ್ ಎಷ್ಟೇ ಕುಂಟಲಿ, ಮುಳ್ಳು 20ರಲ್ಲಿ ಕಲ್ಲಿನ ಹಾಗೆ ನಿಲ್ಲುತ್ತದೆ. ನೋಡಿದವರು ಗಾಳಿಯ ದಾರಿ ಸರಿ ಇದೆ ಅಂದುಕೊಂಡು ಪ್ಲಗ್, ಕಾಯಿಲ್, ಇಂಜೆಕ್ಟರ್ ಎಂದು ದುಡ್ಡು ಸುರಿಯುತ್ತಾರೆ ಮಾರಾಯ್ರೆ, ಸೋರುವ ಗ್ಯಾಸ್ಕೆಟ್ ಅಲ್ಲೇ ಇರುತ್ತದೆ. ಪರೀಕ್ಷೆ ಸುಲಭ: ಇಂಜಿನ್ ಆಫ್ ಮಾಡಿ. ಮುಳ್ಳು ತಕ್ಷಣ ಸೊನ್ನೆಗೆ ಬೀಳಬೇಕು. ಬೀಳದೆ ನಿಂತರೆ ನೀವು ವಾಲ್ವಿನ ತಪ್ಪು ಬದಿಯಲ್ಲಿದ್ದೀರಿ.

ಇದರ ತದ್ವಿರುದ್ಧವೂ ಇದೆ. ಥ್ರಾಟಲ್ ಬಾಡಿಯ ಸಣ್ಣ ನಳಿಗೆಗಳಲ್ಲಿ ಕೆಲವು ಗಾಳಿಯನ್ನು ತಡೆಯುವ ತಟ್ಟೆಗಿಂತ ಮೇಲಿರುತ್ತವೆ. ಅಲ್ಲಿ ಸಿಕ್ಕಿಸಿದರೆ ಐಡ್ಲಿಂಗಿನಲ್ಲಿ ಸೊನ್ನೆ, ಆಕ್ಸಿಲರೇಟರ್ ಮುಟ್ಟಿದಾಗ ಮಾತ್ರ ಜೀವ. ಬೇರೆ ಗಾಡಿಯ ಇಂಜಿನ್ ಬಂದಿರುವಾಗ ಯಾವ ನಳಿಗೆ ಯಾವುದಕ್ಕೆ ಎನ್ನುವುದಕ್ಕೆ ಬಾನೆಟ್ಟಿನ ಅಡಿಯ ಸ್ಟಿಕ್ಕರ್ ಸಾಕ್ಷಿಯಲ್ಲ, ಅದು ಹಳೇ ಇಂಜಿನ್ನಿನದು. ಮ್ಯಾಪ್ ಸೆನ್ಸರಿಗೆ ಹೋಗುವ ಹೋಸಿಗೆ ಟಿ ಹಾಕುವುದು ಸರಿಯಾದ ಜಾಗ. ಗೇಜಿನ ಹೋಸು ಒಂದೂವರೆ ಅಡಿಗಿಂತ ಉದ್ದ ಬೇಡ. ಉದ್ದದ, ಮೆತ್ತಗಿನ ಹೋಸು ನಡುಕವನ್ನು ನುಂಗಿಬಿಡುತ್ತದೆ, ನಮಗೆ ಬೇಕಾದ್ದು ಆ ನಡುಕವೇ.

ಒಂದು ಸಿಲಿಂಡರಿನದು ಅಂತ ಮುಳ್ಳು ಹೇಳಿದ ಮೇಲೆ ಯಾವುದು ಅಂತ ಹುಡುಕಲು ಖರ್ಚಿಲ್ಲ. ಇಂಜೆಕ್ಟರ್ ಕನೆಕ್ಟರುಗಳನ್ನು ಒಂದೊಂದಾಗಿ ತೆಗೆದು ಹಾಕುತ್ತಾ ಮುಳ್ಳು ನೋಡಿ. ಒಂದಕ್ಕೆ ಹತ್ತು ಸೆಕೆಂಡು ಸಾಕು. ತೆಗೆದರೂ ಮುಳ್ಳು ಇಳಿಯದ ಸಿಲಿಂಡರ್ ಮೊದಲೇ ಸತ್ತಿದೆ. ಆರ್‌ಪಿಎಮ್ ಮೀಟರ್ ನೋಡುತ್ತಾ ಕೂರಬೇಡಿ, ಐಡಲ್ ಕಂಟ್ರೋಲ್ ವಾಲ್ವ್ ಅದನ್ನು ಮತ್ತೆ ಎತ್ತಿ ಮುಚ್ಚಿಹಾಕುತ್ತದೆ. ಪ್ಲಗ್ಗಿನ ವಯರ್ ಎಳೆಯುವ ಹಳೇ ಪದ್ಧತಿಯೂ ಬೇಡ: ಉರಿಯದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಸತ್ತ ಸಿಲಿಂಡರಿನ ಪ್ಲಗ್, ಆಮೇಲೆ ಕಾಯಿಲ್ ಅಥವಾ ವಯರ್, ಆಮೇಲೆ ಇಂಜೆಕ್ಟರ್ ಪಕ್ಕದ್ದಕ್ಕೆ ಬದಲಿಸಿ. ರೋಗ ಪಕ್ಕಕ್ಕೆ ಹೋದರೆ ಭಾಗ ಸಿಕ್ಕಿತು. ಯಾವುದಕ್ಕೂ ಜಗ್ಗದಿದ್ದರೆ ಕಂಪ್ರೆಷನ್ ಟೆಸ್ಟ್.

ಹೊಗೆ ಮಷಿನ್ ಸೋರುವ ಜಾಗವನ್ನು ಕಣ್ಣಿಗೇ ತೋರಿಸುತ್ತದೆ, ಅದರಲ್ಲಿ ಅದಕ್ಕೆ ಸಾಟಿ ಇಲ್ಲ. ಒತ್ತಡ ಒಂದು ಪಿಎಸ್ಐ ದಾಟಬಾರದು. ದಾಟಿದರೆ ಗಟ್ಟಿ ಇದ್ದ ಸೀಲೂ ಬಾಯಿ ಬಿಡಬಹುದು. ಎಕ್ಸಾಸ್ಟಿನಿಂದ ಹೊಗೆ ಬಂದರೆ ಗಾಬರಿ ಬೇಡ, ಎರಡೂ ವಾಲ್ವ್ ಸ್ವಲ್ಪ ತೆರೆದ ಸ್ಥಿತಿಯಲ್ಲಿ ಯಾವುದೋ ಪಿಸ್ಟನ್ ನಿಂತಿರುತ್ತದೆ. ಕ್ರ್ಯಾಂಕ್ ಸ್ವಲ್ಪ ತಿರುಗಿಸಿ ಮತ್ತೆ ನೋಡಿ. ಟೈಮಿಂಗ್ ತಪ್ಪಿದ್ದು, ಕಾಯಿಲ್ ಸತ್ತದ್ದು ಮಾತ್ರ ಇದಕ್ಕೆ ತಿಳಿಯದು. ಬೈಕಂಪಾಡಿಯಲ್ಲಿ ಗ್ಯಾರೇಜ್ ಇಟ್ಟವರಿಗೆ ಮಷಿನ್ ಹಾಕಿದ ದುಡ್ಡು ಹುಟ್ಟಬಹುದು, ವರ್ಷಕ್ಕೆ ಒಂದೆರಡು ಗಾಡಿ ಮುಟ್ಟುವವರಿಗೆ ಹುಟ್ಟದು.

ಸ್ಪ್ರೇ: ಬಿಸಿ ಎಕ್ಸಾಸ್ಟಿನ ಮೇಲೆ ಬಿದ್ದರೆ ಬೆಂಕಿ. ನೀರಿನ ಸ್ಪ್ರೇ ಬಾಟಲಿಯಲ್ಲೂ ಸೋರಿಕೆಯ ಜಾಗದಲ್ಲಿ ಐಡ್ಲಿಂಗ್ ಬದಲಾಗುವುದು ಗೊತ್ತಾಗುತ್ತದೆ.

ಬಜೆಟ್ ಎರಡು ಸಾವಿರದೊಳಗಿದ್ದು ಕೆಲಸ ಭಾನುವಾರ ಮನೆಯ ಶೆಡ್ಡಿನಲ್ಲಿ ನಡೆಯುವುದಾದರೆ ಗೇಜ್, ಮೂರು ಅಳತೆಯ ಪ್ಲಾಸ್ಟಿಕ್ ಟಿ, ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. ಉಳಿದ ದುಡ್ಡಿಗೆ ಹೊಸ ಇನ್‌ಟೇಕ್ ಗ್ಯಾಸ್ಕೆಟ್. ಗಾಡಿ ಹೊಸ ಕಾಲದ್ದಾಗಿ ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಮಾತ್ರ ಡಾಂಗಲ್ಲೂ ಇರಲಿ, ಬ್ಯಾಟರಿ ಬಿಚ್ಚಿದ ಮೇಲೆ ಇಸಿಯು ಐಡ್ಲಿಂಗ್ ಮತ್ತೆ ಕಲಿಯದೆಯೂ ಇಂಜಿನ್ ನಡುಗುವುದುಂಟು. ಎಮಿಷನ್ ಟೆಸ್ಟಿಗೆ ಹೋಗುವುದು ಇದೆಲ್ಲ ಮುಗಿದ ಮೇಲೆ; ಒಂದು ಸಿಲಿಂಡರ್ ಮಿಸ್ ಹೊಡೆದರೂ ಹೈಡ್ರೋಕಾರ್ಬನ್ ಅಂಕಿ ಏರುತ್ತದೆ.

ಪರೀಕ್ಷೆ ಮುಗಿದ ಮೇಲೆ ಟಿಯನ್ನು ಅಲ್ಲೇ ಬಿಟ್ಟು ಬಾಯಿಗೆ ಟೇಪ್ ಸುತ್ತಬೇಡಿ. ಇಂಜಿನ್ನಿನ ಬಿಸಿಗೆ ಟೇಪಿನ ಅಂಟು ಕರಗಿ ಅದೇ ಹೊಸ ಸೋರಿಕೆಯಾಗುತ್ತದೆ. ಟಿ ತೆಗೆದು, ಹೋಸಿನ ತುದಿ ಅರ್ಧ ಇಂಚು ಕತ್ತರಿಸಿ, ಹಿಗ್ಗದ ಜಾಗದಲ್ಲಿ ಕ್ಲಾಂಪ್ ಹಾಕಿ ಬಿಗಿಯಿರಿ.