ಪಾಂಡಾಸ್: ಕೆಲಸ ಗಟ್ಟಿ, ಹೆಸರುಗಳಲ್ಲಿ ಒಂದಿಷ್ಟು ಎಡವಟ್ಟು

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿಎಸ್‌ವಿ ಫೈಲ್, ಎಕ್ಸೆಲ್ ಶೀಟ್ ಅಂತ ಏನೇ ಬಂದರೂ ನನ್ನ ಕೈ ಮೊದಲು ಹೋಗುವುದು ಪಾಂಡಾಸ್ ಕಡೆಗೆ, ಅಂದರೆ ಪಟ್ಟಿ ರೂಪದ ಡೇಟಾ ನಿಭಾಯಿಸುವ ಲೈಬ್ರರಿ ಕಡೆಗೆ. ವರ್ಷಗಟ್ಟಲೆ ಬಳಸಿದ್ದೇನೆ. ವೇಗ, ಮೆಮೊರಿ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಅದರ ಫಂಕ್ಷನ್‌ಗಳ ಹೆಸರಿನ ಬಗ್ಗೆ. ಬೇರೆಯವರ ಕೋಡ್ ಓದಿ ಸರಿಮಾಡುವ ಕೆಲಸ ನಿಮ್ಮದಾಗಿದ್ದರೆ ಇದು ಸಣ್ಣ ವಿಷಯ ಅಲ್ಲ.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ರೀಡ್_ಸಿಎಸ್‌ವಿ, ಟು_ಎಕ್ಸೆಲ್, ಡ್ರಾಪ್_ಡುಪ್ಲಿಕೇಟ್ಸ್: ಹೆಸರು ಓದಿದರೆ ಕೆಲಸ ಗೊತ್ತಾಗುತ್ತದೆ. ‘ರೀಡ್’ ಇದ್ದರೆ ಡೇಟಾ ಒಳಗೆ, ‘ಟು’ ಇದ್ದರೆ ಹೊರಗೆ. ಒಂದು ಕಲಿತರೆ ಉಳಿದದ್ದನ್ನು ಊಹಿಸಿಯೇ ಟೈಪ್ ಮಾಡಬಹುದು.

ಇನ್ನು ಅಪೆಂಡ್ ಕಥೆ. ಪೈಥಾನ್ ಲಿಸ್ಟ್‌ನ ಅಪೆಂಡ್ ಇದ್ದ ಲಿಸ್ಟ್‌ಗೇ ಸೇರಿಸುತ್ತದೆ. ಪಾಂಡಾಸ್‌ನ ಡೇಟಾಫ್ರೇಮ್‌ಗೂ (ಸಾಲು, ಕಾಲಂ ಇರುವ ಪಟ್ಟಿ) ಅದೇ ಹೆಸರಿಟ್ಟರು, ಕೆಲಸ ಮಾತ್ರ ಬೇರೆ. ಅದು ಎಲ್ಲವನ್ನೂ ನಕಲು ಮಾಡಿ ಹೊಸ ಡೇಟಾಫ್ರೇಮ್ ಕೊಡುತ್ತಿತ್ತು, ಹಳೆಯದು ಇದ್ದ ಹಾಗೇ. ಬಂದದ್ದನ್ನು ಒಂದು ವೇರಿಯಬಲ್‌ಗೆ ಹಾಕಿಕೊಳ್ಳದಿದ್ದರೆ ಸೇರಿಸಿದ ಸಾಲು ಮಾಯ, ಎರರ್ ಕೂಡ ಇಲ್ಲ. ಹಾಕಿಕೊಂಡು ಲೂಪ್ ಓಡಿಸಿದರೆ ಇನ್ನೊಂದು ಫಜೀತಿ. ಪ್ರತಿ ಸುತ್ತಿಗೂ ಅಲ್ಲಿವರೆಗಿನ ಅಷ್ಟೂ ಸಾಲುಗಳ ನಕಲು! ನೂರು ಸಾಲಿಗೆ ಗೊತ್ತಾಗುವುದಿಲ್ಲ. ಲಕ್ಷ ಸಾಲಿದ್ದರೆ ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ. 2022ರಲ್ಲಿ 1.4 ವರ್ಷನ್ ಎಚ್ಚರಿಕೆ ಕೊಡಲು ಶುರು ಮಾಡಿತು, 2023ರಲ್ಲಿ 2.0 ಬಂದಾಗ ತೆಗೆದೇಬಿಟ್ಟರು. ಈಗ ತುಂಡುಗಳನ್ನೆಲ್ಲ ಲಿಸ್ಟ್‌ನಲ್ಲಿ ಕೂಡಿಟ್ಟು ಕೊನೆಗೆ ಒಮ್ಮೆ ಕಾನ್‌ಕ್ಯಾಟ್ ಫಂಕ್ಷನ್‌ನಿಂದ ಜೋಡಿಸಬೇಕು. ಹಳೆಯ ಸ್ಕ್ರಿಪ್ಟ್‌ಗಳು ನಿಂತುಹೋದವು, ಬೈದವರೂ ಇದ್ದಾರೆ. ನನಗಂತೂ ತೆಗೆದದ್ದೇ ಸರಿ ಅನಿಸಿತು.

ಬೇಕಾದ ಸಾಲು ಆರಿಸಿಕೊಡುತ್ತಿದ್ದ ಐಎಕ್ಸ್ ಇನ್ನೂ ಕಷ್ಟದ ಗಿರಾಕಿ. ಇಂಡೆಕ್ಸ್‌ನಲ್ಲಿ (ಪ್ರತಿ ಸಾಲಿಗೂ ಅಂಟಿಸಿದ ಗುರುತು, ಅಂದರೆ ಲೇಬಲ್‌ಗಳ ಸಾಲು) ಪೂರ್ಣಾಂಕ ಇದ್ದರೆ ಕೊಟ್ಟ ಸಂಖ್ಯೆಯನ್ನು ಲೇಬಲ್ ಅಂತ ತಿಳಿಯುತ್ತಿತ್ತು, ಅಕ್ಷರ ಇದ್ದರೆ ಎಷ್ಟನೇ ಸಾಲು ಅಂತ. ಎರಡಕ್ಷರದ ಆ ಹೆಸರಿನಿಂದ ಯಾವುದೂ ತಿಳಿಯುವುದಿಲ್ಲ ಅಲ್ವಾ? 2020ರ 1.0 ವರ್ಷನ್‌ನಲ್ಲಿ ಅದೂ ಹೋಯಿತು. ಉಳಿದದ್ದು ಲೊಕ್ ಮತ್ತು ಐಲೊಕ್. ಲೊಕ್ ಯಾವಾಗಲೂ ಲೇಬಲ್ ನೋಡುತ್ತದೆ, ಐಲೊಕ್ ಎಷ್ಟನೇ ಸಾಲು ಅಂತ. ಉದಾಹರಣೆಗೆ, ಊರುಗಳ ಮಳೆಯ ಪಟ್ಟಿಯನ್ನು ಜಾಸ್ತಿ ಮಳೆಯಿಂದ ಕಡಿಮೆಗೆ ಸಾರ್ಟ್ ಮಾಡಿ ಐಲೊಕ್‌ಗೆ 0 ಕೊಟ್ಟರೆ ಅತಿ ಹೆಚ್ಚು ಮಳೆ ಬಿದ್ದ ಊರು ಸಿಗುತ್ತದೆ. ಲೊಕ್‌ಗೆ 0 ಕೊಟ್ಟರೆ ಫೈಲ್‌ನಲ್ಲಿ ಮೊದಲು ಇದ್ದ ಊರು. ಹೆಸರುಗಳು ಚಂದ ಅಂತ ಹೇಳಲಾರೆ, ಆದರೆ ಅರ್ಥ ಒಂದೇ ಕಡೆ ನಿಂತಿದೆ.

ಸಾರ್ಟ್ ಅನ್ನುವ ಒಂದೇ ಹೆಸರು ಒಮ್ಮೆ ಕಾಲಂನ ಮೌಲ್ಯದ ಪ್ರಕಾರ, ಒಮ್ಮೆ ಇಂಡೆಕ್ಸ್ ಪ್ರಕಾರ ಸಾಲುಗಳನ್ನು ಜೋಡಿಸುತ್ತಿದ್ದ ಗೊಂದಲ 2015ರಲ್ಲೇ ಬಗೆಹರಿಯಿತು. ಸಾರ್ಟ್_ವ್ಯಾಲ್ಯೂಸ್, ಸಾರ್ಟ್_ಇಂಡೆಕ್ಸ್ ಅಂತ ಎರಡೇ ಹೆಸರು, ಮಾತು ಮುಗಿಯಿತು.

ಇನ್ನೂ ಸರಿಹೋಗದ್ದು ಸೈಜ್. ಕರ್ನಾಟಕದ 31 ಜಿಲ್ಲೆಗಳ ಸಾಲು, 12 ತಿಂಗಳ ಕಾಲಂ ಇರುವ ಡೇಟಾಫ್ರೇಮ್‌ಗೆ ಸೈಜ್ ಕೇಳಿದರೆ 372 ಅನ್ನುತ್ತದೆ, ಅಂದರೆ ಒಟ್ಟು ಮನೆಗಳು (ಸೆಲ್‌ಗಳು). ಗ್ರೂಪ್‌ಬೈ ಬಳಸಿ ಸಾಲುಗಳನ್ನು ಗುಂಪು ಮಾಡಿದ ಮೇಲೆ ಸೈಜ್ ಕೇಳಿದರೆ ಪ್ರತಿ ಗುಂಪಿನ ಸಾಲುಗಳನ್ನು ಎಣಿಸುತ್ತದೆ. ಮೊದಲನೆಯದಕ್ಕೆ ಆವರಣ ಹಾಕುವ ಹಾಗಿಲ್ಲ, ಎರಡನೆಯದಕ್ಕೆ ಹಾಕಲೇಬೇಕು. ಪಕ್ಕದಲ್ಲೇ ಇರುವ ಕೌಂಟ್ ಖಾಲಿ ಮನೆಗಳನ್ನು ಬಿಟ್ಟು ಎಣಿಸುತ್ತದೆ. ಮಳೆಮಾಪಕ ಕೆಟ್ಟು ಒಂದು ತಿಂಗಳ ಲೆಕ್ಕ ಖಾಲಿ ಇದ್ದರೆ ಸೈಜ್ ಮತ್ತು ಕೌಂಟ್ ಹೊಂದುವುದಿಲ್ಲ. ಹೊಸಬರು ಬಗ್ ಅಂತ ಸುಮ್ನೆ ಹುಡುಕುತ್ತಾ ಕೂರುತ್ತಾರೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೊಸದಾಗಿ ಕಲಿಯುವವರು ಹಳೆಯ ಟ್ಯುಟೋರಿಯಲ್ ಬಿಟ್ಟು ನೇರ 2.0 ನಂತರದ ಡಾಕ್ಯುಮೆಂಟೇಶನ್ ಹಿಡಿಯಿರಿ. ಮುಂದೆ ಬದಲಾಗಲಿದೆ ಅಂತ ಎಚ್ಚರಿಸುವ ಫ್ಯೂಚರ್‌ವಾರ್ನಿಂಗ್ ಬಂದರೆ ಅದನ್ನು ಮುಚ್ಚಿಡುವ ಸಾಲು ಬರೆಯಬೇಡಿ, ಬದಲಿಗೆ ಯಾವ ಹೆಸರು ಬಳಸಬೇಕು ಅಂತ ಹೆಚ್ಚಿನ ಸಲ ಅದರಲ್ಲೇ ಇರುತ್ತದೆ. ಇಸ್‌ನಲ್, ಇಸ್‌ಎನ್ಎ ಎರಡೂ ಮಾಡುವುದು ಒಂದೇ ಕೆಲಸ, ಮನೆ ಖಾಲಿಯೇ ಅಂತ ನೋಡುವುದು. ನಿಮ್ಮ ಟೀಮ್‌ನಲ್ಲಿ ಯಾವುದಾದರೂ ಒಂದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.